ದೊಡ್ಡ ಬ್ಯಾಟರಿಯ ಮೇಲೆ ಸುಳ್ಳು ಅಪವಾದ

ನಿಮ್ಮ ಮನೆಯಲ್ಲಿ ಎಲೆಕ್ಟ್ರಿಕ್ ಕಾರು ಇದೆಯೇ? ಕೊಳ್ಳುವ ಯೋಚನೆಯಾದರೂ ಇದೆಯೇ? ಹಾಗಿದ್ದರೆ ಸವಳಂಗ ರಸ್ತೆಯಲ್ಲಿ ನಮ್ಮ ನೆರೆಮನೆಯವರಿಗೆ ಆದದ್ದನ್ನು ಸ್ವಲ್ಪ ಕೇಳಿ.

ಫಜ್ರ್ ನಮಾಝ್ ಮುಗಿಸಿ ಬರುತ್ತಿದ್ದೆ. ಭಾಯಿ ಗೇಟಿನೊಳಗೆ ಕಾರಿನ ಪಕ್ಕ ದಿಕ್ಕು ತೋಚದೆ ನಿಂತಿದ್ದರು. ಜಗಲಿಯ ಕುರ್ಚಿಯಲ್ಲಿ ಅವರ ತಾಯಿ ಬುರ್ಖಾ ತೊಟ್ಟು ಸಿದ್ಧರಾಗಿ ಕೂತಿದ್ದರು. ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಅಂದು ಏಳು ಗಂಟೆಯ ಸರದಿ. ಬಟನ್ ಒತ್ತಿದರೆ ಎದುರಿನ ಪರದೆ ಒಮ್ಮೆ ಮಿಣುಕಿ ಆರಿಹೋಗುತ್ತಿತ್ತು. ಚಾರ್ಜ್ ಇಳಿದಿರಬಹುದೆಂದು ಚಾರ್ಜಿಂಗ್ ಗನ್ ಚುಚ್ಚಿದರು, ಅದೂ ಹಿಡಿಯಲಿಲ್ಲ. ಕೊನೆಗೆ ಆಟೋ ಕರೆಸಿ ತಾಯಿಯನ್ನು ಕಳಿಸಿದ್ದಾಯಿತು.

ಮಧ್ಯಾಹ್ನದ ಹೊತ್ತಿಗೆ ಆ ಮನೆಯಲ್ಲಿ ಸೂತಕದ ಕಳೆ. ಬಂದವರೆಲ್ಲ ಒಂದೇ ಮಾತು: “ಬ್ಯಾಟರಿ ಹೋಯ್ತು, ಲಕ್ಷಗಟ್ಟಲೆ ಖರ್ಚು.” ಭಾಭಿ ತಮ್ಮ ಬಳೆ ಮಾರಿ ಮುಂಗಡ ಕಟ್ಟಿದ್ದ ಕಾರು ಅದು. ಭದ್ರಾವತಿಯಿಂದ ಫೋನ್ ಮಾಡಿದ ಭಾವ ಬೇರೆ “ನಾನು ಆಗಲೇ ಹೇಳಿರಲಿಲ್ಲವೇ?” ಎಂದರಂತೆ.

ಭಾಭಿ ಮಾತ್ರ ಒಂದು ಪ್ರಶ್ನೆ ಕೇಳಿದರು. “ಮಾಸ್ಟರ್ ಸಾಬ್, ರಾತ್ರಿ ನಿಲ್ಲಿಸುವಾಗ ನೂರಕ್ಕೆ ಎಪ್ಪತ್ತು ಚಾರ್ಜ್ ಇತ್ತು. ಅಷ್ಟೂ ಒಂದೇ ರಾತ್ರಿಯಲ್ಲಿ ಎಲ್ಲಿ ಹೋಗುತ್ತದೆ?”

ಎಲ್ಲಿಗೂ ಹೋಗಿರಲಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಗಳು ಎರಡು ಎಂಬುದು ಕೊಂಡವರಲ್ಲೇ ಅನೇಕರಿಗೆ ಗೊತ್ತಿಲ್ಲ. ಚಕ್ರ ತಿರುಗಿಸುವ ದೊಡ್ಡ ಬ್ಯಾಟರಿ ಕಾರಿನ ಹೊಟ್ಟೆಯ ಕೆಳಗಿರುತ್ತದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ಮುನ್ನೂರು ವೋಲ್ಟ್‌ಗೂ ಮೇಲಿನದು. ಇದಲ್ಲದೆ, ಸಾಮಾನ್ಯವಾಗಿ ಬಾನೆಟ್ ಒಳಗೆ, ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಒಂದಿರುತ್ತದೆ. ದೀಪ, ಬಾಗಿಲಿನ ಲಾಕ್, ಪರದೆ, ಒಳಗಿನ ಕಂಪ್ಯೂಟರ್ ಎಲ್ಲಕ್ಕೂ ಕರೆಂಟ್ ಕೊಡುವುದು ಇದೇ. ಕಾರು ನಿಂತಾಗ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದಿರುತ್ತದೆ. ಅದನ್ನು ಮತ್ತೆ ಜೋಡಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚುಗಳನ್ನು ಎಳೆಯುವುದೂ ಈ ಚಿಕ್ಕದೇ. ಅದು ಸತ್ತರೆ ಕಣಜ ತುಂಬಿದ್ದರೂ ಬೀಗದ ಕೈ ಕಳೆದಂತೆ. ಕಾರಿಗೆ ಎಚ್ಚರವೇ ಆಗದ ಕಾರಣ ಗನ್ ಚುಚ್ಚಿದರೂ ಚಾರ್ಜ್ ಹಿಡಿಯುವುದಿಲ್ಲ.

ಪೆಟ್ರೋಲ್ ಕಾರು ಸಾಯುವ ಮುಂಚೆ ನರಳುತ್ತದೆ. ನಾಲ್ಕು ದಿನ ಸ್ಟಾರ್ಟರ್ ಎಳೆದೆಳೆದು ತಿರುಗಿ ನಮಗೆ ಸೂಚನೆ ಕೊಡುತ್ತದೆ. ಎಲೆಕ್ಟ್ರಿಕ್ ಕಾರಿಗೆ ಸ್ಟಾರ್ಟರೇ ಇಲ್ಲ. ಚಿಕ್ಕ ಬ್ಯಾಟರಿಯ ಮೇಲೆ ಅಂಥ ಭಾರ ಬೀಳುವುದಿಲ್ಲವಾದ್ದರಿಂದ ಅದು ಎಷ್ಟು ಸೊರಗಿದ್ದರೂ ತಿಳಿಯುವುದಿಲ್ಲ, ಒಂದು ಬೆಳಿಗ್ಗೆ ಸುಮ್ಮನಾಗಿಬಿಡುತ್ತದೆ.

ದೊಡ್ಡ ಬ್ಯಾಟರಿಯ ಈ ಹೆದರಿಕೆ ಬಹುಶಃ ರೇವಾ ಕಾಲದಿಂದ ಬಂದಿರಬೇಕು. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಆ ಪುಟ್ಟ ಕಾರು ಓಡುತ್ತಿದ್ದುದು 6 ವೋಲ್ಟ್‌ನ ಎಂಟು ಸೀಸದ ಬ್ಯಾಟರಿಗಳ ಮೇಲೆ. ಅವಕ್ಕೆ ನೀರು ಹಾಕುತ್ತಿರಬೇಕಿತ್ತು, ಕೆಲವೇ ವರ್ಷಗಳಲ್ಲಿ ಬದಲಿಸಬೇಕಿತ್ತು. ಇಂದಿನ ಲಿಥಿಯಂ ಬ್ಯಾಟರಿಗಳ ಸಂಗತಿ ಬೇರೆ. ಹಲವು ಮಾದರಿಗಳಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿಯೇ ಇದೆ.

ಹಾಗೆಂದು ನಿಂತ ಕಾರೆಲ್ಲ ಚಿಕ್ಕ ಬ್ಯಾಟರಿಯಿಂದಲೇ ನಿಂತಿತೆಂದು ತಿಳಿಯಬೇಡಿ. ಪರದೆ ಚೆನ್ನಾಗಿ ಬೆಳಗುತ್ತಿದ್ದರೆ ಬ್ರೇಕ್ ಪೂರ್ತಿ ಒತ್ತಿದ್ದೀರಾ, ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದೆಯೇ, ಚಾರ್ಜಿಂಗ್ ಗನ್ ಇನ್ನೂ ಸಿಕ್ಕಿಕೊಂಡಿದೆಯೇ ನೋಡಿ. ಗನ್ ಇರುವಾಗ ಕಾರು ಹೊರಡದಂತೆ ಮಾಡಿಯೇ ಇಟ್ಟಿರುತ್ತಾರೆ. ಕೀ ಪತ್ತೆಯಾಗಿಲ್ಲ ಎಂದು ತೋರಿಸಿದರೆ ಕೀಯೊಳಗಿನ ನಾಣ್ಯದಂಥ ಸೆಲ್ ಮುಗಿದಿರಬಹುದು. ಪರದೆ ಮಂಕಾಗಿದ್ದರೆ, ಲಾಕ್ ‘ಟಿಕ್’ ಎಂದು ಸುಮ್ಮನಾದರೆ, ಆಗ ಚಿಕ್ಕ ಬ್ಯಾಟರಿಯನ್ನು ಸಂಶಯಿಸಿ. ಬಾಗಿಲೇ ತೆರೆಯದಿದ್ದರೆ ಹೆಚ್ಚಿನ ರಿಮೋಟ್ ಕೀಗಳೊಳಗೆ ಲೋಹದ ಕೀಲಿಯೂ ಅಡಗಿರುತ್ತದೆ.

ಎಲೆಕ್ಟ್ರಿಷಿಯನ್ ಹುಡುಗ ಮೀಟರ್ ಹಿಡಿದ. ಸುಸ್ಥಿತಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಇದು ಹತ್ತನ್ನೂ ಮುಟ್ಟಲಿಲ್ಲ. ಕಾರಿನೊಂದಿಗೆ ಬಂದಿದ್ದ ಪುಸ್ತಕ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಡ್ಯಾಶ್‌ಬೋರ್ಡಿನಲ್ಲಿ ಬಿದ್ದಿತ್ತು (ಪಠ್ಯಪುಸ್ತಕಕ್ಕೆ ನನ್ನ ವಿದ್ಯಾರ್ಥಿಗಳು ತೋರುವ ಗೌರವವೂ ಇಷ್ಟೇ). ಅದರಲ್ಲಿ ಹೇಳಿದಂತೆ ಇನ್ನೊಂದು 12 ವೋಲ್ಟ್ ಬ್ಯಾಟರಿಯಿಂದ ಕೇಬಲ್ ಕೊಟ್ಟೆವು: ಮೊದಲು ಕೆಂಪಿಗೆ ಕೆಂಪು, ಕಪ್ಪಿನ ತುದಿ ಕೊನೆಗೆ ಪುಸ್ತಕ ತೋರಿಸಿದ ಲೋಹದ ಜಾಗಕ್ಕೆ. ಪರದೆ ಬೆಳಗಿತು, ‘ರೆಡಿ’ ಬಂತು. ದೊಡ್ಡ ಬ್ಯಾಟರಿಯ ಚಾರ್ಜ್ 70 ಇದ್ದದ್ದು 70 ಆಗಿಯೇ ಇತ್ತು. ನಿಮ್ಮ ಕಾರಿಗೆ ಹೀಗೆ ಕೇಬಲ್ ಕೊಡಬಹುದೋ ಇಲ್ಲವೋ ಎಂಬುದನ್ನು ನಿಮ್ಮ ಪುಸ್ತಕದಲ್ಲೇ ನೋಡಿಕೊಳ್ಳಿ.

ಮಕ್ಕಳಿಗೂ ಊರಿನ ಮೆಕ್ಯಾನಿಕ್‌ಗೂ ಒಂದು ಮಾತು ಖಂಡಿತ ಹೇಳಿಡಿ. ಬಾನೆಟ್ ಒಳಗಿನ ಕಿತ್ತಳೆ ಬಣ್ಣದ ಕೇಬಲ್ ದೊಡ್ಡ ಬ್ಯಾಟರಿಯದು. ಮುಟ್ಟಿದರೆ ಜೀವ ಹೋಗಬಹುದು. ಕಾರನ್ನು ಹಗ್ಗ ಕಟ್ಟಿ ಎಳೆಯಲೂ ಬೇಡಿ. ಚಕ್ರದೊಂದಿಗೆ ಮೋಟಾರೂ ತಿರುಗಿ ಕರೆಂಟ್ ಉತ್ಪತ್ತಿಯಾಗಿ ಒಳಗಿನ ಭಾಗಗಳು ಕೆಡಬಹುದು. ಲಾರಿಯ ಮೇಲೆ ಹೇರಿಯೇ ಒಯ್ಯಬೇಕು.

ಚಿಕ್ಕ ಬ್ಯಾಟರಿಗೆ ನಾಲ್ಕು ವರ್ಷವಾಗಿತ್ತು. ಅದರ ಮೇಲೆ, ಯಾವುದೋ ಅಂಗಡಿಯಲ್ಲಿ ಕೂರಿಸಿದ್ದ ಕ್ಯಾಮರಾ ನೇರವಾಗಿ ಅದರಿಂದಲೇ ಕರೆಂಟ್ ಪಡೆದು ರಾತ್ರಿಯಿಡೀ ಉರಿಯುತ್ತಿತ್ತು. ಕ್ಯಾಮರಾ ತೆಗೆಸಿದರು, ಹೊಸ ಬ್ಯಾಟರಿ ಹಾಕಿಸಿದರು. ಕೆಲವು ಸಾವಿರದಲ್ಲಿ ಮುಗಿಯಿತು. ಮುಂದಿನ ಸರದಿಯ ದಿನ ಮುಂಜಾನೆ ಗೇಟು ತೆರೆದ ಸದ್ದಾಯಿತು. ಕಾರು ಹೊರಟ ಸದ್ದು ಕೇಳಲಿಲ್ಲ, ಕಿಟಕಿಯಿಂದ ಇಣುಕಿದರೆ ಹಿಂದಿನ ಸೀಟಿನಲ್ಲಿ ತಾಯಿ ಕೂತಿದ್ದರು.