ಸೇಲಂ–ಬೆಂಗಳೂರು ಒಂದು ಗಂಟೆ: ಯಾರ ಲೆಕ್ಕ ಇದು?

"ಸೇಲಂನಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ, ಇನ್ನೇನು ಬೇಕು?" ಅನ್ನೋ ಮಾತು ನಮ್ಮ ಹುಡುಗರ ಬಾಯಲ್ಲೂ ಕೇಳಿಬರ್ತಿದೆ. ಗೆಳೆಯರೇ, ಒಮ್ಮೆ ಕೂತು ಲೆಕ್ಕ ಹಾಕೋಣ.

ಉಡಾನ್ ಯೋಜನೆಯಡಿ 2023ರ ಅಕ್ಟೋಬರಿನಲ್ಲಿ ಈ ಹಾರಾಟ ಶುರುವಾಯಿತು. ಓಮಲೂರು ಹತ್ತಿರದ ಕಮಲಾಪುರದ ನಿಲ್ದಾಣದಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 160 ಕಿ.ಮೀ. ಸಣ್ಣ ಎಟಿಆರ್ ವಿಮಾನ. ಏರಿ, ಇಳಿದು, ಬಾಗಿಲು ತೆರೆಯುವವರೆಗೆ ಒಂದು ಗಂಟೆ ಅಂತ ಹಿಡಿಯಿರಿ. ಅಲ್ಲಿಯವರೆಗೆ ಸುಳ್ಳೇನೂ ಇಲ್ಲ.

ಆದರೆ ಧರ್ಮಪುರಿಯವನು ಏನು ಮಾಡಬೇಕು? ಉತ್ತರಕ್ಕೆ ಹೋಗಬೇಕಾದವನು ಮೊದಲು ತೊಪ್ಪೂರು ಘಾಟಿ ಇಳಿದು ಸುಮಾರು 50 ಕಿ.ಮೀ. ದಕ್ಷಿಣಕ್ಕೆ ಹೋಗಬೇಕು. ಅದಕ್ಕೆ ಒಂದೂಕಾಲು ಗಂಟೆ. ಹಾರಾಟಕ್ಕೆ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಆಮೇಲೆ ವಿಮಾನ ಹತ್ತಿ ನಮ್ಮ ಸೀಮೆಯ ಮೇಲೇ ವಾಪಸ್ ಹಾರಬೇಕು! ದೇವನಹಳ್ಳಿಯಲ್ಲಿ ಹೊರಗೆ ಬರೋಕೆ ಅರ್ಧ ಗಂಟೆ, ಮೆಜೆಸ್ಟಿಕ್ ಇನ್ನೂ 35 ಕಿ.ಮೀ. ದೂರ, ಟ್ರಾಫಿಕ್ ಒಳ್ಳೇದಿದ್ರೆ ಒಂದೂಕಾಲು ಗಂಟೆ. ಕೂಡಿಸಿ: ಐದೂವರೆ ಗಂಟೆ. ಧರ್ಮಪುರಿಯಲ್ಲಿ ಬಸ್ ಹತ್ತಿದವನು ಮೂರೂವರೆ ಗಂಟೆಯಲ್ಲಿ ಬೆಂಗಳೂರಲ್ಲಿ ಕಾಫಿ ಕುಡೀತಿರ್ತಾನೆ. ಪೆನ್ನಾಗರಂನವನಾದರೆ ಎರಡೂ ಕಡೆ ಇನ್ನೊಂದು ಗಂಟೆ ಸೇರಿಸಿ.

ವಿಮಾನ ಬೇಡ ಅಂತಲ್ಲ. ಬೆಂಗಳೂರಿಂದ ದಿಲ್ಲಿಗೋ ದುಬೈಗೋ ಮುಂದೆ ಹಾರುವವರಿಗೆ ಅನುಕೂಲವೇ. ಸೇಲಂನ ನೇಕಾರಿಕೆ ವ್ಯಾಪಾರದಲ್ಲಿರುವ ನಮ್ಮ ದೇವಾಂಗ ಕುಟುಂಬಗಳಿಗೂ ಉಪಯೋಗ ಆಗಲಿ, ಸಂತೋಷ. ಆದರೆ ಅದನ್ನ ತೋರಿಸಿ ನಮ್ಮ ಬೇಡಿಕೆ ಮುಗೀತು ಅನ್ನೋದನ್ನ ಒಪ್ಪೋಕಾಗಲ್ಲ.

ಯಾಕೆಂದರೆ ಬೆಂಗಳೂರಿಗೆ ನಾವು ಹೋಗೋದು ಪ್ರವಾಸಕ್ಕಲ್ಲ. ಸಿಇಟಿ ಬರೆಯುವ ಗಡಿನಾಡು, ಹೊರನಾಡು ಕನ್ನಡಿಗರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ಇಡುತ್ತದಲ್ಲ, ನಮಗೆ ಹತ್ತಿರದ ಕೇಂದ್ರ ಅದೇ ಬೆಂಗಳೂರು. ಕನ್ನಡ ಓದಿದ ಮಗು ಆ ಸೀಟಿಗೆ ಅರ್ಹತೆ ತೋರಿಸಬೇಕಾದರೆ ಹಿಂದಿನ ರಾತ್ರಿಯೇ ಹೊರಡಬೇಕು. ಹುಡುಗಿಯಾದರೆ ಅಪ್ಪನೋ ಅಣ್ಣನೋ ಜೊತೆಗೆ. ಎರಡು ದಿನದ ಕೂಲಿ ಹೋಯ್ತು. ಎಷ್ಟೋ ಮನೆಗಳಲ್ಲಿ "ಬಿಡು, ಇಲ್ಲೇ ಸೇರ್ಕೋ" ಅನ್ನೋ ಮಾತು ಹುಟ್ಟೋದು ಇಲ್ಲೇ.

ನಮಗೆ ಬೇಕಾದ್ದು ರೈಲು. ಹಳಿ ಇದೆ: ಓಮಲೂರು, ಧರ್ಮಪುರಿ, ಪಾಲಕ್ಕೋಡು, ಮಾರಂಡಹಳ್ಳಿ, ರಾಯಕೋಟೆ, ಹೊಸೂರು. ವಂದೇ ಭಾರತ್ 2023ರ ಡಿಸೆಂಬರಿನಿಂದ ಇದೇ ಹಳಿ ಮೇಲೆ ಓಡ್ತಿದೆ. ಧರ್ಮಪುರಿಯಲ್ಲಿ ನಿಲ್ಲುತ್ತೆ, ಹೊಸೂರಲ್ಲಿ ನಿಲ್ಲುತ್ತೆ, ನಡುವೆ ಪಾಲಕ್ಕೋಡಿನವರು ಕೈ ಬೀಸಬಹುದು ಅಷ್ಟೇ. ಬೆಳಗಿನ ಒಂಬತ್ತರೊಳಗೆ ಬೆಂಗಳೂರು ಮುಟ್ಟುವ, ಸಣ್ಣ ಸ್ಟೇಷನ್‌ಗಳಲ್ಲೂ ನಿಲ್ಲುವ ಮೆಮು, ಅದೇ ಸಂಜೆ ವಾಪಸ್. ಇಷ್ಟೇ ಕೇಳ್ತಿರೋದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಧರ್ಮಪುರಿ, ಪಾಲಕ್ಕೋಡು ಸ್ಟೇಷನ್‌ಗಳು ತಮಿಳುನಾಡಿನಲ್ಲಿದ್ದರೂ ಸೇಲಂ ವಿಭಾಗಕ್ಕೆ ಸೇರಿಲ್ಲ. ಅವು ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದವು. ಹಾಗಾಗಿ ಮನವಿ ಬೆಂಗಳೂರಿನ ವಿಭಾಗೀಯ ವ್ಯವಸ್ಥಾಪಕರಿಗೆ ಹೋಗಬೇಕು, ಕನ್ನಡದಲ್ಲೇ ಹೋಗಲಿ. ನಿಮ್ಮ ಊರು, ಹತ್ತಿರದ ಸ್ಟೇಷನ್, ಈಗ ಬೆಂಗಳೂರು ಮುಟ್ಟೋಕೆ ಹಿಡಿಯುವ ಸಮಯ, ಈ ಮೂರನ್ನು ಬರೆದು ಈ ವಾರ ನಮಗೆ ಕಳಿಸಿ. ಎಲ್ಲ ಸೇರಿಸಿ ಒಂದೇ ಮನವಿ ಮಾಡ್ತೀವಿ.