ಬೀಳಗಿಯ ಅಮೀರ್‌ಬಾಯಿ



ಮೊನ್ನೆ ಅಸರ್ ನಮಾಝ್ ಮುಗಿಸಿ ಅಂಗಳದಲ್ಲಿ ಕುಳಿತಿದ್ದೆ. ನನ್ನಲ್ಲಿ ಓದಲು ಬರುವ ಹುಡುಗಿಯೊಬ್ಬಳ ತಾಯಿ ಬಂದಿದ್ದಳು. ಏನೋ ಹೇಳಬೇಕೆಂದು ಬಂದವಳು, ಹೇಳಲಾಗದೆ ಸೆರಗಿನ ಅಂಚು ತಿರುವುತ್ತಿದ್ದಳು. ಒಳಗೆ ನಮ್ಮ ಅತ್ತೆಯವರು ಮೊಮ್ಮಗನ ಮೊಬೈಲಿನಲ್ಲಿ ಯಾವುದೋ ಹಳೆಯ ಹಾಡು ಹಚ್ಚಿಸಿಕೊಂಡಿದ್ದರು. “ಇದು ಅಮೀರ್‌ಬಾಯಿ, ನಮ್ಮ ಬಿಜಾಪುರದಾಕಿ” ಎಂದು ಅಲ್ಲಿಂದಲೇ ಕೂಗಿ ಹೇಳಿದರು. ಆ ತಾಯಿ ತಟ್ಟನೆ, “ಆಕಿ ಗಂಡನ್ನ ಬಿಟ್ಟಾಕಿ ಅಲ್ಲೇನು ಆಪಾ?” ಎಂದಳು.

ಹಾಡಿನ ಮಾತು ಬಿಟ್ಟು ಅವಳು ಇದನ್ನೇ ಏಕೆ ಕೇಳಿದಳೆಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಅಫಜಲಪುರದಿಂದ ಸಿಂದಗಿ ದಾಟಿದರೆ ಬಿಜಾಪುರ, ಅಂದರೆ ಇಂದಿನ ವಿಜಯಪುರ. ಅಲ್ಲಿಂದ ಕೃಷ್ಣೆಯನ್ನು ದಾಟಿ ಹೋದರೆ ಬೀಳಗಿ. ಅಮೀರ್‌ಬಾಯಿ ಹುಟ್ಟಿದ್ದು ಆ ಊರಲ್ಲಿ. ಅವರ ಅಕ್ಕ ಗೋಹರ್‌ಬಾಯಿ ಕೂಡ ಗಾಯಕಿ. ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರು ಮಾಡಿದರು, ಮುಂದೆ ಅವರನ್ನೇ ಮದುವೆಯೂ ಆದರು. ಅಕ್ಕತಂಗಿಯರಿಬ್ಬರೂ ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಬರೆದುಕೊಂಡವರು. ಕರ್ನಾಟಕ ಎಂಬ ಹೆಸರಿನ ರಾಜ್ಯ ಆಗಿನ್ನೂ ಇರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

ಅಮೀರ್‌ಬಾಯಿ ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಹೋದರು. 1934ರಲ್ಲಿ ‘ವಿಷ್ಣು ಭಕ್ತಿ’ ಚಿತ್ರದಲ್ಲಿ ನಟಿಸಿದರು. ಬಳಿಕ ಹತ್ತಿರ ಹತ್ತಿರ ಹತ್ತು ವರ್ಷ ಸಣ್ಣ ಪುಟ್ಟ ಪಾತ್ರಗಳು, ಅಲ್ಲೊಂದು ಇಲ್ಲೊಂದು ಹಾಡು. ಅವರ ಅದೃಷ್ಟ ತೆರೆದದ್ದು 1943ರಲ್ಲಿ, ಬಾಂಬೆ ಟಾಕೀಸಿನ ‘ಕಿಸ್ಮತ್’ ಚಿತ್ರದಿಂದ. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಹಾಡುಗಳು. ಕಲಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಹಿಂದೂಸ್ತಾನ ನಮ್ಮದು, ಪರದೇಶದವರೇ ದೂರ ಸರಿಯಿರಿ ಎಂಬ ಅರ್ಥದ ಹಾಡೊಂದು ಅದರಲ್ಲಿದೆ. ಬ್ರಿಟಿಷರ ಸೆನ್ಸಾರಿನ ಕಣ್ಣು ತಪ್ಪಿಸಲು ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರು ಸೇರಿಸಿದ್ದರು. ಚಿತ್ರಮಂದಿರದಲ್ಲಿ ಕುಳಿತ ಜನರಿಗೆ ಮಾತ್ರ ಹಾಡು ಯಾರ ಕುರಿತು ಎಂದು ಚೆನ್ನಾಗಿ ಗೊತ್ತಿತ್ತು. ‘ಕ್ವಿಟ್ ಇಂಡಿಯಾ’ ಚಳವಳಿಯ ಮರುವರ್ಷವಲ್ಲವೇ ಅದು! ಆ ಹಾಡನ್ನು ಖಾನ್ ಮಸ್ತಾನರ ಜೊತೆ ಹಾಡಿದವರು ನಮ್ಮ ಬೀಳಗಿಯ ಈ ಮುಸ್ಲಿಮ್ ಹೆಣ್ಣುಮಗಳು. ತೆರೆಯ ಮೇಲಿನ ನಾಯಕಿ ಮುಮ್ತಾಝ್ ಶಾಂತಿ. ಆ ದಿನಗಳಲ್ಲಿ ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿದವರ ಬದಲು ಪಾತ್ರದ ಹೆಸರು ಅಚ್ಚಾಗುತ್ತಿದ್ದುದೂ ಉಂಟು. ಹೀಗಾಗಿ ದೇಶವೇ ಕೇಳಿದ ಕಂಠದ ಒಡತಿ ಯಾರೆಂದು ಬಹಳ ಮಂದಿಗೆ ತಿಳಿಯಲೇ ಇಲ್ಲ.

1944ರ ‘ರತನ್’ ಚಿತ್ರದಲ್ಲಿ ನೌಶಾದರ ಸಂಗೀತಕ್ಕೆ ಹಾಡಿದರು. 1948ರ ‘ಶಹನಾಝ್’ಗೆ ಸ್ವತಃ ಸಂಗೀತ ನೀಡಿದರು. ಹೆಂಗಸರು ಸಂಗೀತ ನಿರ್ದೇಶಕರಾಗುವುದು ಇಂದಿಗೂ ಅಪರೂಪವೇ. ಗುಜರಾತಿಯಲ್ಲಿ ಅವರು ಹಾಡಿದ ನರಸಿಂಹ ಮೆಹ್ತಾರ ಭಜನೆ ಗಾಂಧೀಜಿಗೆ ಪ್ರಿಯವಾಗಿತ್ತೆಂದು ಹೇಳುತ್ತಾರೆ. ಲತಾ ಮಂಗೇಶ್ಕರರ ಕಾಲ ಬಂದ ಮೇಲೆ ಹಾಡುಗಳು ಕಡಿಮೆಯಾದವು. ಪೋಷಕ ಪಾತ್ರಗಳಲ್ಲಿ ನಟಿಸುತ್ತ ಹೋದರು.

ಸಿನಿಮಾ ವೃತ್ತಿಯನ್ನು ನಾನು ನನ್ನ ವಿದ್ಯಾರ್ಥಿನಿಯರಿಗೆ ಹೇಳಿಕೊಡುವವಳಲ್ಲ, ಅದು ನಿಮಗೂ ಗೊತ್ತು. ಆದರೆ ಒಬ್ಬ ಹೆಣ್ಣಿನ ಬದುಕಿನಲ್ಲಿ ನಮಗೆ ಒಪ್ಪಿಗೆಯಾಗದ್ದು ಇದೆ ಎಂದ ಮಾತ್ರಕ್ಕೆ ಅವಳ ಮೇಲಾದ ಅನ್ಯಾಯವೂ ಅವಳದೇ ತಪ್ಪಾಗಿಬಿಡುತ್ತದೆಯೇ? ಅಮೀರ್‌ಬಾಯಿಯವರ ಗಂಡ ಹಿಮಾಲಯವಾಲಾ, ಖಳನಾಯಕನ ಪಾತ್ರಗಳಿಗೆ ಹೆಸರಾದ ನಟ. ನಿಜ ಹೆಸರು ಅಫ್ಝಲ್ ಖುರೇಶಿ. ಮನೆಯಲ್ಲೂ ಅವನು ಖಳನೇ. ಇಡೀ ದೇಶ ಮೆಚ್ಚಿದ ಗಾಯಕಿ ಮನೆಯಲ್ಲಿ ಏಟು ತಿನ್ನುತ್ತಿದ್ದರು. ಕೊನೆಗೆ ವಕೀಲರೊಬ್ಬರ ನೆರವಿನಿಂದ ವಿಚ್ಛೇದನ ಪಡೆದರು. ದೇಶ ವಿಭಜನೆಯಾದಾಗ ಅವನು ಪಾಕಿಸ್ತಾನಕ್ಕೆ ಹೋದ. ಆ ಮೇಲೆ ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಎಂಬವರ ಜೊತೆಗಿನ ಬಾಳು ನೆಮ್ಮದಿಯದಾಗಿತ್ತೆಂದು ಬರೆದವರಿದ್ದಾರೆ.

ಇಷ್ಟನ್ನು ಹೇಳಿ ನಾನು ಆ ತಾಯಿಯ ಮುಖ ನೋಡಿದೆ. ಕಣ್ಣಲ್ಲಿ ನೀರಿತ್ತು. ನನಗೆ ಆಗ ಅರ್ಥವಾಯಿತು.

ಅವಳಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ತಲಾಖ್ ಎಂಬ ಪದ ಗೊತ್ತಿಲ್ಲದ ಮನೆ ನಮ್ಮಲ್ಲಿಲ್ಲ, ಖುಲಾ ಎಂಬುದನ್ನು ಮಾತ್ರ ಹೆಣ್ಣುಮಕ್ಕಳ ಕಿವಿಗೆ ಯಾರೂ ಹಾಕುವುದಿಲ್ಲ. ಸಾಬಿತ್ ಬಿನ್ ಕೈಸ್‌ರ(ರ) ಪತ್ನಿ ಪ್ರವಾದಿ(ಸ)ಯವರ ಬಳಿ ಬಂದು, ಗಂಡನ ದೀನಿನಲ್ಲಾಗಲಿ ನಡತೆಯಲ್ಲಾಗಲಿ ದೋಷವಿಲ್ಲ, ಆದರೂ ಅವರೊಂದಿಗೆ ಬಾಳಲಾರೆ ಎಂದರು. ಮಹ್ರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸುವೆಯಾ ಎಂದು ಪ್ರವಾದಿಯವರು ಕೇಳಿದರು. ಅವರು ಒಪ್ಪಿದರು. ಬಿಡುಗಡೆಯಾಯಿತು. ಬುಖಾರಿಯಲ್ಲಿ ಈ ಹದೀಸ್ ಇದೆ. ಹೊಡೆತ ಬಡಿತದ ಮಾತೇ ಅಲ್ಲಿ ಬಂದಿಲ್ಲ ನೋಡಿ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಂತೆ ಹೆಂಡತಿ ನ್ಯಾಯಾಲಯಕ್ಕೂ ಹೋಗಬಹುದು. ಗಂಡ ಹೊಡೆಯುವುದು, ದೈಹಿಕವಾಗಿ ಹಿಂಸಿಸದಿದ್ದರೂ ನಡವಳಿಕೆಯಿಂದ ಬಾಳು ನರಕ ಮಾಡುವುದು, ಅವಳ ಆಸ್ತಿಯನ್ನು ಮಾರಿಬಿಡುವುದು ಇವೆಲ್ಲವನ್ನೂ ಅದು ಕ್ರೌರ್ಯವೆಂದೇ ಕರೆಯುತ್ತದೆ. ಅಮೀರ್‌ಬಾಯಿ ಹೆಸರು ಮಾಡುವ ಮೊದಲೇ ಜಾರಿಗೆ ಬಂದ ಈ ಕಾಯ್ದೆ ಈಗಲೂ ಇದೆ.

ಅಮೀರ್‌ಬಾಯಿ 1965ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ದಫನ್ ಆದದ್ದು ತವರು ನೆಲದಲ್ಲಿ. ಬಿಜಾಪುರದಲ್ಲಿ ಅವರು ಕಟ್ಟಿಸಿದ ಅಮೀರ್ ಟಾಕೀಸಿನ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ರಹಮತ್ ತರೀಕೆರೆಯವರು ಕನ್ನಡದಲ್ಲಿ ಅವರ ಜೀವನಕಥನ ಬರೆದಿದ್ದಾರೆ, ಸಿಕ್ಕರೆ ಓದಿ.

ಮಗ್ರಿಬ್‌ನ ಅಝಾನ್ ಆಗುವ ಹೊತ್ತಿಗೆ ಆ ತಾಯಿ ಎದ್ದಳು. ಬಾಗಿಲ ಬಳಿ ನಿಂತು, “ಆಪಾ, ತೋಟ ಕೊಟ್ಟಿದ್ದರಂತ ಆಕಿ ತಿರುಗಿ ಕೊಟ್ಟಳು. ನನಗ ಮಹ್ರ್ ಕೈಗೇ ಬಂದಿಲ್ಲ. ನಾನು ಏನು ತಿರುಗಿ ಕೊಡಲಿ?” ಎಂದು ಕೇಳಿದಳು.