ಎಲ್ಲಿಂದ, ಎಲ್ಲಿಯವರೆಗೆ?

“‘ದ್ಯುತಿಸಂಶ್ಲೇಷಣೆ’ಯಿಂದ ‘ಅಭ್ಯಾಸ’ದವರೆಗೆ ಓದಿಕೊಂಡು ಬನ್ನಿ” ಎಂದು ತರಗತಿಯಲ್ಲಿ ಹೇಳುತ್ತೇನೆ. ಪುಟಸಂಖ್ಯೆ ಹೇಳುವುದಿಲ್ಲ, ಅಣ್ಣ ಅಕ್ಕಂದಿರ ಹಳೆಯ ಪುಸ್ತಕ ತಂದವರಿಗೆ ಅದು ಹೊಂದುವುದಿಲ್ಲ. ‘ಅಭ್ಯಾಸ’ ಎಂಬ ಶೀರ್ಷಿಕೆ ಪ್ರತಿ ಪಾಠದ ಕೊನೆಗೂ ಇದೆ. ಆದರೂ “ಯಾವ ಅಭ್ಯಾಸ ಸಾರ್?” ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿದ್ದಿಲ್ಲ. ಕಂಪ್ಯೂಟರಿಗೆ ಇದನ್ನೇ ಹೇಳುವಾಗ ಮಾತ್ರ ತೊಡಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ 1969ರಲ್ಲಿ ‘ಎಡ್’ ಎಂಬ ತಿದ್ದುವ ಸಾಧನ ಬರೆದರು. (ನನ್ನ ಬಿ.ಎಡ್.ಗೂ ಇದಕ್ಕೂ ಸಂಬಂಧವಿಲ್ಲ!) ಆಗ ಪರದೆಯಿಲ್ಲ, ಟೆಲಿಪ್ರಿಂಟರಿನಂಥ ಯಂತ್ರ ಕಾಗದದ ಮೇಲೆ ಕುಟ್ಟುತ್ತಿತ್ತು. ಬೇಕಾದ ಸಾಲನ್ನು ಬೆರಳಿಟ್ಟು ತೋರಿಸುವಂತಿರಲಿಲ್ಲ, ಹೇಳಿಯೇ ತಿಳಿಸಬೇಕು. 10,20 ಎಂದರೆ ಹತ್ತರಿಂದ ಇಪ್ಪತ್ತನೇ ಸಾಲು. ಸಂಖ್ಯೆ ಗೊತ್ತಿಲ್ಲವೇ? ಪದವನ್ನು ಎರಡು ಓರೆಗೆರೆಗಳ ನಡುವೆ ಇಟ್ಟರೆ ಎಡ್ ಹುಡುಕಿಕೊಳ್ಳುತ್ತದೆ:

/ದ್ಯುತಿಸಂಶ್ಲೇಷಣೆ/,/ಅಭ್ಯಾಸ/

ಇಲ್ಲೇ ತಮಾಷೆ. ಅಲ್ಪವಿರಾಮ ಹಾಕಿದರೆ ಎರಡೂ ಹುಡುಕಾಟ ನಾವು ಈಗಿರುವ ಸಾಲಿನಿಂದಲೇ ಹೊರಡುತ್ತವೆ. ನಾವು ಮೊದಲ ಪಾಠದಲ್ಲಿದ್ದರೆ ಸಿಗುವುದು ಮೊದಲ ಪಾಠದ ‘ಅಭ್ಯಾಸ’, ಅಂದರೆ ಆರಂಭಕ್ಕಿಂತ ಹಿಂದಿನ ಅಂತ್ಯ! ಎಡ್ ಆಗ ‘?’ ಎಂದಷ್ಟೇ ಮುದ್ರಿಸುತ್ತದೆ. ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಿ ನೋಡಿ. ಮೊದಲು ಆರಂಭದ ಸಾಲಿಗೆ ಹೋಗಿ ನಿಂತು, ಅಂತ್ಯವನ್ನು ಅಲ್ಲಿಂದ ಮುಂದೆ ಹುಡುಕುತ್ತದೆ. ಒಂದು ಚುಕ್ಕೆಯ ವ್ಯತ್ಯಾಸ, ಅಷ್ಟೇ.

ಮುಂದೆ 1973-74ರಲ್ಲಿ ಅಲ್ಲಿಯೇ ಲೀ ಮೆಕ್‌ಮಹಾನ್ ‘ಸೆಡ್’ ರಚಿಸಿದರು. ಇದು ಕಡತವನ್ನು ಒಂದೊಂದೇ ಸಾಲಾಗಿ ಓದುತ್ತ ಸಾಗುತ್ತದೆ, ಹಿಂದಿರುಗಿ ನೋಡುವುದಿಲ್ಲ. ಆರಂಭದ ಪದ ಬಂದಾಗ ಕೆಲಸ ಶುರು, ಮುಂದೆಲ್ಲೋ ಅಂತ್ಯದ ಪದ ಬಂದಾಗ ನಿಲುಗಡೆ. ಆದ್ದರಿಂದ ಇಲ್ಲಿ ಅಲ್ಪವಿರಾಮವೇ ಸಾಕು. ಆದರೆ ಅಂತ್ಯದ ಪದ ಬಾರದೇ ಹೋದರೆ?

ಅದನ್ನು ನಾನು ಅನುಭವಿಸಿಯೇ ಕಲಿತೆ. ಒಮ್ಮೆ ಅಂಕಪಟ್ಟಿಯ ಕಡತದಿಂದ ಬಿ ವಿಭಾಗವನ್ನಷ್ಟೇ ತೆಗೆಯಬೇಕಿತ್ತು. ‘ಬಿ ವಿಭಾಗ’ದಿಂದ ‘ಒಟ್ಟು’ವರೆಗೆ ಅಳಿಸು ಎಂದೆ. ಆ ವಿಭಾಗದಿಂದ ಮುಂದೆ ಬೆರಳಚ್ಚು ಮಾಡಿದವರು ಬೇರೆ. ಅವರು ‘ಒಟ್ಟು’ ಎನ್ನದೆ ‘ಮೊತ್ತ’ ಎಂದು ಬರೆದಿದ್ದರು. ಸಿ, ಡಿ ವಿಭಾಗಗಳೂ ಹೋದವು. ಮೂಲ ಕಡತದಲ್ಲೇ ತಿದ್ದುವ ಆಯ್ಕೆ ಕೊಟ್ಟಿದ್ದೆ, ನಕಲು ಇರಲಿಲ್ಲ. ಮರುದಿನವೇ ಫಲಿತಾಂಶ! ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಮನೆಯವಳು ಓದಿ ಹೇಳುತ್ತಿದ್ದಂತೆ ರಾತ್ರಿ ಎರಡರವರೆಗೆ ಅಂಕಗಳನ್ನು ಮತ್ತೆ ತುಂಬಿಸಿದೆ. ಎಡ್ ಆಗಿದ್ದರೆ ‘?’ ಎಂದಾದರೂ ಕೇಳುತ್ತಿತ್ತು. ಸೆಡ್ ತುಟಿ ಪಿಟಕ್ಕೆನ್ನಲಿಲ್ಲ. ಅದರ ತಪ್ಪೆನ್ನುವಂತಿಲ್ಲ, ಮುಂದೆ ‘ಒಟ್ಟು’ ಇಲ್ಲವೆಂದು ಅದಕ್ಕೆ ತಿಳಿಯುವುದೇ ಕಡತ ಮುಗಿದಾಗ. ಈಗ ಮೊದಲು ಆ ಸಾಲುಗಳನ್ನು ಮುದ್ರಿಸಿ ನೋಡಿ, ಆಮೇಲೆ ಅಳಿಸುತ್ತೇನೆ.

ಆರಂಭ, ಅಂತ್ಯ ಎರಡೂ ಒಂದೇ ಸಾಲಿನಲ್ಲಿದ್ದರೆ? ಸೆಡ್ ಅಂತ್ಯವನ್ನು ಮರುಸಾಲಿನಿಂದ ಹುಡುಕುತ್ತದೆ. 1977ರ ‘ಆಕ್’ ಅದೇ ಸಾಲಿನಲ್ಲೂ ನೋಡಿ ಅಲ್ಲೇ ನಿಲ್ಲುತ್ತದೆ. ನನಗೆ ಆಕ್‌ನ ಕ್ರಮವೇ ಸಹಜವೆನಿಸಿತ್ತು. ಆದರೆ ಒಂದು ಅಡ್ಡಗೆರೆಯಿಂದ ಮುಂದಿನ ಅಡ್ಡಗೆರೆಯವರೆಗೆ ಬೇಕಾದಾಗ ಆಕ್ ಮೊದಲ ಗೆರೆಯಲ್ಲೇ ಮುಗಿಸಿಬಿಡುತ್ತದೆ, ಸೆಡ್ ಸರಿಯಾಗಿ ಕೊಡುತ್ತದೆ.

ಹಾಗಾದರೆ ಕಡತದ 2, 5, 9ನೇ ಸಾಲುಗಳಲ್ಲಿ ಅಡ್ಡಗೆರೆಯಿದ್ದು, ಒಟ್ಟು 12 ಸಾಲುಗಳಿದ್ದರೆ, ಗೆರೆಯಿಂದ ಗೆರೆಯವರೆಗೆ ಮುದ್ರಿಸೆಂದಾಗ ಸೆಡ್ ಯಾವ ಸಾಲುಗಳನ್ನು ಕೊಡುತ್ತದೆ? ಮಕ್ಕಳೇ, ಕಾಗದದ ಮೇಲೆ ಬರೆದು ನೋಡಿ. 6, 7, 8 ಬರುವುದಿಲ್ಲ. 10, 11, 12 ಬರುತ್ತವೆ.